ತೋಟ ಹಾನುಬಾಳಿನಲ್ಲಿ, ಸಹಿ ಸ್ಯಾನ್ ಹೋಸೆಯಲ್ಲಿ

ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಎಂಬಾತ ಮಂಜರಾಬಾದಿನ ಕಾಡಿಗೆ ಬಂದು ಕಾಫಿ ತೋಟ ಮಾಡಿದ್ದು 1850ರ ದಶಕದಲ್ಲಿ. ಈಗಿನ ಸಕಲೇಶಪುರ ಸೀಮೆಗೆ ಆಗ ಮಂಜರಾಬಾದ್ ಎಂದೇ ಹೆಸರು. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಆ ಹೆಸರನ್ನು ಇವತ್ತಿಗೂ ಉಳಿಸಿಕೊಂಡಿದೆ. ಎಲಿಯಟ್ ತನ್ನ ಇಲ್ಲಿನ ಬದುಕಿನ ಬಗ್ಗೆ 1871ರಲ್ಲಿ ಒಂದು ಪುಸ್ತಕ ಬರೆದ, 1894ರಲ್ಲಿ ಇನ್ನೊಂದು. ಎರಡನೆಯದರ ಹೆಸರಿನಲ್ಲೇ ಮೈಸೂರು ಸೀಮೆಯ ತೋಟಗಾರನೊಬ್ಬನ 38 ವರ್ಷಗಳ ಅನುಭವ ಎಂಬ ಮಾತಿದೆ. ಹಾಗೆಂದು ಅವನು ಊರಿನ ಜಮೀನು ಬಿಟ್ಟು ಬಂದವನಲ್ಲ. ಸ್ಕಾಟ್ಲೆಂಡಿನ ಕ್ಲಿಫ್ಟನ್ ಪಾರ್ಕ್‌ನಲ್ಲಿ ಅವನಿಗೆ ಬೇಸಾಯವಿತ್ತು. ಅಲ್ಲಿ ಹುಲ್ಲು ಬೆಳೆಸಿ ಮಣ್ಣು ಸುಧಾರಿಸಿದ ಕ್ರಮದ ಮೇಲೂ ಅವನ ಪುಸ್ತಕವಿದೆ. ಎರಡು ದೇಶದಲ್ಲಿ ಜಮೀನು, ನಡುವೆ ಹಡಗಿನ ಪ್ರಯಾಣ.

ಈಗ ಲೆಕ್ಕ ತಿರುವುಮುರುವಾಗಿದೆ. ಹಾನುಬಾಳು, ಹೆತ್ತೂರು, ಯಸಳೂರು ಕಡೆಯ, ಆಲೂರು ತಾಲ್ಲೂಕಿನ ಪಾಳ್ಯ, ಕೆ. ಹೊಸಕೋಟೆ ಕಡೆಯ ಬೆಳೆಗಾರರ ಮಕ್ಕಳು ಹೊರಗಿದ್ದಾರೆ. ಅಮೆರಿಕದ ಸ್ಯಾನ್ ಹೋಸೆಯಲ್ಲಿ ಒಬ್ಬ, ಮ್ಯೂನಿಕ್‌ನಲ್ಲಿ ಒಬ್ಬಳು, ಮೆಲ್ಬರ್ನ್‌ನಲ್ಲಿ ಒಬ್ಬ, ದುಬೈನಲ್ಲಿ ಒಬ್ಬ. ಊರಿನಲ್ಲಿ ವಯಸ್ಸಾದ ಅಪ್ಪ-ಅಮ್ಮ, ತೋಟ ನೋಡಿಕೊಳ್ಳುವ ರೈಟರ್, ಕೆಲಸ ಹಂಚುವ ಮೇಸ್ತ್ರಿ. ಹೊರದೇಶದಲ್ಲಿರುವ ಭಾರತೀಯ ಎಂದರೆ ಕಣ್ಣ ಮುಂದೆ ಬರುವುದು ಕಂಪ್ಯೂಟರು, ಅಪಾರ್ಟ್‌ಮೆಂಟು, ವಾರಾಂತ್ಯದ ಇಂಡಿಯನ್ ಸ್ಟೋರು. ಈ ಗುಡ್ಡಗಾಡಿನವರಿಗೆ ಅದರ ಜತೆಗೆ ಇನ್ನೊಂದು ಸಂಸಾರವಿದೆ: ಸಾವಿರಾರು ಮೈಲಿ ದೂರದಿಂದ ತೋಟ ನಡೆಸುವುದು.

ದೂರ ಅಂಥ ದೊಡ್ಡ ಕಷ್ಟವಲ್ಲ. ಅದನ್ನು ಫೋನು ಬಹುಮಟ್ಟಿಗೆ ನುಂಗಿಹಾಕಿದೆ. ಕಷ್ಟ ಕೂತಿರುವುದು ಕಾಗದಪತ್ರದಲ್ಲಿ.

ಕಾಗದಕ್ಕೆ ಬರುವ ಮೊದಲು ದಿನದ ಗಡಿಯಾರ ನೋಡಬೇಕು. ಕೊಯ್ಲಿನ ಕಾಲದಲ್ಲಿ ಸಂಜೆ ನಾಲ್ಕೂವರೆ ಸುಮಾರಿಗೆ ಹಣ್ಣಿನ ಚೀಲಗಳು ತೂಕಕ್ಕೆ ಬರುತ್ತವೆ. ಯಾರದು ಎಷ್ಟು ಕೆ.ಜಿ. ಎಂದು ರೈಟರ್ ಪುಸ್ತಕದಲ್ಲಿ ಬರೆದು, ಆ ಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾನೆ. ಆಗ ದುಬೈನಲ್ಲಿ ಮಧ್ಯಾಹ್ನ ಮೂರು, ಮ್ಯೂನಿಕ್‌ನಲ್ಲಿ ಊಟಕ್ಕೆ ಏಳುವ ಹನ್ನೆರಡು ಗಂಟೆ, ಮೆಲ್ಬರ್ನ್‌ನಲ್ಲಿ ರಾತ್ರಿ ಹತ್ತು. ಸ್ಯಾನ್ ಹೋಸೆಯಲ್ಲಿ ಬೆಳಗಿನ ಜಾವ ಮೂರು. ಅಮೆರಿಕದವನಿಗೇ ತೋಟದ ಚಿಂತೆ ಜಾಸ್ತಿ ಎಂದು ಮನೆಯವರು ಹೇಳುವುದಕ್ಕೆ ಇದೂ ಒಂದು ಕಾರಣವಿರಬೇಕು. ನಿದ್ದೆ ಕೆಡುವುದು ಅವನೊಬ್ಬನದೇ.

ಮಳೆಯ ವರದಿ ಇದಕ್ಕಿಂತ ಸ್ವಾರಸ್ಯದ್ದು. ಮಾರ್ಚ್ ಹೊತ್ತಿಗೆ ಬೀಳುವ ಹೂಮಳೆಯ ಮೇಲೆ ಇಡೀ ವರ್ಷದ ಫಸಲು ನಿಂತಿರುತ್ತದೆ. ಒಂದು ಇಂಚಿನ ಆಸುಪಾಸು ಬಿದ್ದರೆ ಎಂಟು-ಹತ್ತು ದಿನದಲ್ಲಿ ಗಿಡವೆಲ್ಲ ಬೆಳ್ಳಗಾಗುತ್ತದೆ. ಕಮ್ಮಿಯಾದರೆ ಮೊಗ್ಗು ಅರೆಬರೆ, ಸ್ಪ್ರಿಂಕ್ಲರ್ ಓಡಿಸಬೇಕು. ಹೂವಾದ ಮೇಲೆ ಬ್ಯಾಕಿಂಗ್ ಮಳೆಯೂ ಬೇಕು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ದಶಕಗಳೇ ಆದರೂ ಕಾಫಿ ಸೀಮೆಯ ಮಳೆ ಇನ್ನೂ ಇಂಚು-ಸೆಂಟಿನಲ್ಲೇ ಬೀಳುತ್ತದೆ. ‘ಒಂದು ಇಂಚು ಇಪ್ಪತ್ತು ಸೆಂಟು’ ಎಂಬ ಸಂದೇಶ ಸ್ಯಾನ್ ಹೋಸೆಯವನಿಗೆ ಥಟ್ಟನೆ ಅರ್ಥವಾಗುತ್ತದೆ, ಅವನ ದೇಶವೂ ಇಂಚು ಬಿಟ್ಟಿಲ್ಲ. ಮ್ಯೂನಿಕ್‌ನವಳು ಅದನ್ನು 25.4ರಿಂದ ಗುಣಿಸಿಕೊಳ್ಳಬೇಕು.

ರೇಟಿನ ಮಾತು ಬಂದರೆ ಪರದೇಶದಲ್ಲಿರುವವರೇ ಹತ್ತಿರದವರು. ಕಾಫಿ ಬೋರ್ಡಿನ ಕಡ್ಡಾಯ ಪೂಲ್ ವ್ಯವಸ್ಥೆ ಇದ್ದಷ್ಟು ಕಾಲ ಬೆಳೆಗಾರ ಬೀಜ ಒಪ್ಪಿಸಿ ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ. 1990ರ ದಶಕದಲ್ಲಿ ಹಂತಹಂತವಾಗಿ ಅದು ಹೋಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅಲ್ಲಿಂದ ಮುಂದೆ ಬ್ರೆಜಿಲ್‌ನಲ್ಲಿ ಹಿಮ ಬಿದ್ದರೂ ಬಾಳ್ಳುಪೇಟೆಯ ವ್ಯಾಪಾರಿಯ ಬೋರ್ಡಿನಲ್ಲಿ ರೇಟು ಬದಲಾಗುತ್ತದೆ. ಅರೇಬಿಕಾ ದರ ನಿಗದಿಯಾಗುವುದು ನ್ಯೂಯಾರ್ಕಿನಲ್ಲಿ, ಪೌಂಡಿಗೆ ಇಷ್ಟು ಸೆಂಟ್ ಎಂದು; ರೊಬಸ್ಟಾ ಲಂಡನ್ನಿನಲ್ಲಿ, ಟನ್ನಿಗೆ ಇಷ್ಟು ಡಾಲರ್ ಎಂದು. 2024ರ ಸೆಪ್ಟೆಂಬರಿನಲ್ಲಿ ರೊಬಸ್ಟಾ 5,000 ಡಾಲರ್ ದಾಟಿದಾಗ, 2025ರ ಫೆಬ್ರುವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದಾಗ, ‘ಈಗ ಕೊಡಬೇಡಿ, ಇನ್ನೂ ಏರುತ್ತೆ’ ಎಂದು ಹೊರಗಿನಿಂದ ಫೋನು. ‘ಕೈಗೆ ಬಂದಾಗ ಕೊಟ್ಟುಬಿಡಬೇಕು’ ಎಂದು ಅಪ್ಪ. ಈ ವಾದದಲ್ಲಿ ಗೆದ್ದವರು ಯಾರು ಎಂದು ತಿಳಿಯುವುದು ಮುಂದಿನ ವರ್ಷ, ಅದೂ ಒಬ್ಬರೂ ಒಪ್ಪಿಕೊಳ್ಳುವುದಿಲ್ಲ.

ಓಡಾಟಕ್ಕೂ ತೋಟದ್ದೇ ಪಂಚಾಂಗ. ಮಕ್ಕಳು ಬರುವುದು ಡಿಸೆಂಬರಿನಲ್ಲಿ: ಅಲ್ಲಿ ಕ್ರಿಸ್ಮಸ್ ರಜೆ, ಇಲ್ಲಿ ಕೊಯ್ಲು. ಅಪ್ಪ-ಅಮ್ಮ ಹೋಗುವುದು ಮಳೆಗಾಲದಲ್ಲಿ: ಇಲ್ಲಿ ಗೊಬ್ಬರ ಹಾಕಿ ಮುಗಿದು ಜೂನ್ ಮಳೆ ಹಿಡಿದ ಮೇಲೆ ಮನೆಯೊಳಗೆ ಕೂರುವುದೇ ಕೆಲಸ, ಅಮೆರಿಕ, ಜರ್ಮನಿಯಲ್ಲಿ ಒಳ್ಳೆಯ ಬಿಸಿಲು. ಮಗಳ ಬಾಣಂತನವಾದರೆ ಮಾತ್ರ ಕಾಲ ನೋಡುವಂತಿಲ್ಲ, ಅಮ್ಮ ಹೊರಡುತ್ತಾಳೆ, ಅಪ್ಪ ಕೊಯ್ಲಿಗೆ ಉಳಿಯುತ್ತಾನೆ.

ಅಮೆರಿಕದ ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗುವುದು ಕರ್ನಾಟಕದವರ ಹಳೆಯ ಹಣೆಬರಹ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿ 17ರಂದು. ವೀಸಾ ಕೊಡುವ ಕೆಲಸ ಅಂದೇ ಶುರುವಾಗಲಿಲ್ಲ. ಅಮೆರಿಕದ ಕಾನೂನಿನ ಪ್ರಕಾರ ಪ್ರವಾಸಿ ವೀಸಾ ಕೇಳುವವರೆಲ್ಲ ಅಲ್ಲೇ ಉಳಿಯಲು ಬರುವವರು ಎಂದು ಮೊದಲು ಭಾವಿಸಲಾಗುತ್ತದೆ. ಹಾಗಲ್ಲ, ಊರಿಗೆ ಮರಳುತ್ತೇವೆ ಎಂದು ತೋರಿಸಿಕೊಡುವ ಹೊಣೆ ಅರ್ಜಿದಾರರದ್ದು. ಅದಕ್ಕೇ ಬೆಳೆಗಾರ ದಂಪತಿಯ ಫೈಲಿನಲ್ಲಿ ಬ್ಯಾಂಕಿನ ಪುಸ್ತಕದ ಜತೆ ತೋಟದ ಪಹಣಿಯೂ ಇರುತ್ತದೆ. ‘ನೀವು ಬಂದರೆ ತೋಟ ಯಾರು ನೋಡ್ತಾರೆ’ ಎಂದು ಅಧಿಕಾರಿ ಕೇಳಿದರೆ ಅರ್ಧ ವೀಸಾ ಸಿಕ್ಕಿತು ಎಂದೇ ತಿಳಿಯಬಹುದು.

ಹೋದ ಮೇಲೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಅಷ್ಟು ದಿನ ಇರುವವರು ಕಡಿಮೆ. ಐವತ್ತು ವರ್ಷ ಬೆಳಗಾದರೆ ತೋಟಕ್ಕೆ ಒಂದು ಸುತ್ತು ಹಾಕಿದ ಮನುಷ್ಯನಿಗೆ ಕಾರಿಲ್ಲದೆ ಹಾಲೂ ತರಲಾಗದ ಬಡಾವಣೆಯಲ್ಲಿ ಕಾಲು ಕಟ್ಟಿದಂತಾಗುತ್ತದೆ. ಹಿತ್ತಲಲ್ಲಿ ಬದನೆ, ಹೀರೆ ಹಾಕಿ ಒಂದು ತಿಂಗಳು ಕಳೆಯುತ್ತದೆ. ಪ್ರವಾಸಿ ವಿಮೆ ಮೊದಲಿನಿಂದ ಇರುವ ಕಾಯಿಲೆಗೆ ಸಾಮಾನ್ಯವಾಗಿ ಪೂರ್ತಿ ಒದಗುವುದಿಲ್ಲ, ಬಿ.ಪಿ., ಶುಗರ್ ಮಾತ್ರೆಗಳನ್ನು ಚೀಟಿ ಸಮೇತ ಇಲ್ಲಿಂದಲೇ ಒಯ್ಯಬೇಕು. ಇದೇ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕ ಸುತ್ತಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಗ ಅಮೆರಿಕಕ್ಕೆ ಹೋಗಿಬರುವುದು ಪುಸ್ತಕ ಬರೆಯುವಂಥ ಸಂಗತಿ. ಈಗ ಸಕಲೇಶಪುರದ ಮದುವೆ ಮನೆಯಲ್ಲಿ ಯಾರನ್ನು ಕೇಳಿದರೂ ಒಂದು ಇಮಿಗ್ರೇಷನ್ ಕತೆ ಸಿಗುತ್ತದೆ.

ಸೂಟ್‌ಕೇಸಿನ ಕತೆ ಬೇರೆಯೇ. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಅಕ್ಕಿ ಹಿಟ್ಟು, ಒಣಗಿಸಿದ ಜೀರಿಗೆ ಮೆಣಸು, ಉಪ್ಪಿನಕಾಯಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, 23 ಕೆ.ಜಿ. ದಾಟಿದ್ದನ್ನು ತೆಗೆದು, ಮತ್ತೆ ತುಂಬಿ. ಹುರಿದ ಕಾಫಿಗೆ ಅಮೆರಿಕದಲ್ಲಿ ತಕರಾರಿಲ್ಲ. ಆದರೆ ಪುಡಿಯನ್ನು ಕೈಚೀಲದಲ್ಲಿಟ್ಟರೆ ಕಿರಿಕಿರಿ: ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿ.ಲೀ. ಅಳತೆ ಮೀರಿದ ಯಾವುದೇ ಪುಡಿಗೆ 2018ರಿಂದ ಹೆಚ್ಚಿನ ತಪಾಸಣೆ ಇದೆ. ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕುವುದು ವಾಸಿ. ಜರ್ಮನಿಯಲ್ಲಂತೂ ಹುರಿದ ಕಾಫಿಗೆಂದೇ ಪ್ರತ್ಯೇಕ ತೆರಿಗೆ ಇದೆ, ಕೆ.ಜಿ.ಗೆ 2.19 ಯೂರೊ. ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ, ಅದನ್ನು ಕೊಳ್ಳುವವರ ಸಾಲಿನಲ್ಲಿ ಇಟಲಿ, ಜರ್ಮನಿ ಮುಂದಿವೆ. ಮ್ಯೂನಿಕ್‌ನ ಕೆಫೆಯಲ್ಲಿ ಆ ಹುಡುಗಿ ಕುಡಿಯುವ ಎಸ್ಪ್ರೆಸೊದಲ್ಲಿ ಮಲೆನಾಡಿನ ರೊಬಸ್ಟಾ ಇದ್ದರೂ ಇರಬಹುದು, ತೆರಿಗೆ ಕಟ್ಟಿಸಿಕೊಂಡು.

ಕರಿಬೇವು ಮಾತ್ರ ಒಯ್ಯಬಾರದು. ಹಸಿ ಕರಿಬೇವನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡು ಎಸೆಯುತ್ತಾರೆ. ಸೊಪ್ಪಿನ ಮೇಲೆ ಅವರಿಗೆ ಹಗೆಯಿಲ್ಲ. ಅದರ ಮೇಲೆ ಕೂತು ಬರಬಹುದಾದ ಸಿಲ್ಲಾ ಎಂಬ ಸಣ್ಣ ಹೀರುಹುಳುವಿನ ಭಯ. ಆ ಹುಳು ಹರಡುವ ಸಿಟ್ರಸ್ ಗ್ರೀನಿಂಗ್ ರೋಗ ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡು ಅಲ್ಲಿನ ಕಿತ್ತಳೆ ತೋಟಗಳನ್ನು ನೆಲ ಹಿಡಿಸಿತು. ಕಾಫಿ ಗಿಡದ ನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ಕಡಿಮೆಯಾಗುತ್ತ ಬಂದದ್ದಕ್ಕೆ ಇದೇ ರೋಗ ಒಂದು ಮುಖ್ಯ ಕಾರಣ. ಹಾಗಾಗಿ ಮಲೆನಾಡಿನ ಅಮ್ಮಂದಿರಿಗೆ ಈ ನಿಯಮವನ್ನು ಅರ್ಥ ಮಾಡಿಸುವುದು ಅಷ್ಟೇನೂ ಕಷ್ಟವಲ್ಲ, ಒಪ್ಪಿಸುವುದು ಕಷ್ಟ. ನ್ಯೂಜಿಲೆಂಡ್ ಇನ್ನೂ ಬಿಗಿ: ತಿನ್ನುವ ಪದಾರ್ಥ ಇದೆ ಎಂದು ಅರ್ಜಿಯಲ್ಲಿ ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.

ಊರಿಗೆ ಬರುವ ದಾರಿಯ ಕೊನೆಯ ತುಂಡೇ ಹೆಚ್ಚು ಅನಿಶ್ಚಿತ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಎಲ್ಲೂ ಇಳಿಯದೆ ವಿಮಾನ ತಂದರು. ಬೆಂಗಳೂರಿನಿಂದ ಸಕಲೇಶಪುರ 220 ಕಿ.ಮೀ., ಅದು ಪರವಾಗಿಲ್ಲ. ಮಂಗಳೂರಿನಲ್ಲಿ ಇಳಿಯುವ ಗಲ್ಫ್‌ನವರಿಗೆ ದೂರ ಸುಮಾರು 130 ಕಿ.ಮೀ. ಮಾತ್ರ, ಆದರೆ ನಡುವೆ ಶಿರಾಡಿ ಘಾಟಿ. 2018ರ ಜನವರಿಯಿಂದ ಜುಲೈವರೆಗೆ ಕಾಂಕ್ರೀಟ್ ಹಾಕಲೆಂದು ಘಾಟಿ ಮುಚ್ಚಿತ್ತು. ತೆರೆದು ತಿಂಗಳಾಗುವಷ್ಟರಲ್ಲಿ ಆಗಸ್ಟ್ ಮಳೆಗೆ ಗುಡ್ಡ ಜರಿದು ಮತ್ತೆ ಮುಚ್ಚಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್, ಅದೇ ತಿಂಗಳು ಕಡಗರವಳ್ಳಿ-ಯಡಕುಮರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲೂ ಬಂದ್. ಹಾಸನದ ಭುವನಹಳ್ಳಿ ವಿಮಾನ ನಿಲ್ದಾಣದ ಮಾತಂತೂ ದಶಕಗಳಿಂದ ನಡೆಯುತ್ತಲೇ ಇದೆ.

ಇನ್ನು ಕಾಗದ.

ಹೊರದೇಶಕ್ಕೆ ಹೋದ ಮಗ ಮನೆಗೆ ಒಬ್ಬನೇ ಮಗ; ಕಾನೂನಿಗೆ ಮೂವರು. ಪೌರತ್ವ ಕಾನೂನು ಅವನ ಪಾಸ್‌ಪೋರ್ಟ್ ನೋಡುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಅಮೆರಿಕದ ಪ್ರಜೆಯಾದ ದಿನವೇ ಭಾರತೀಯ ಪೌರತ್ವ ಹೋಯಿತು. 2005ರ ತಿದ್ದುಪಡಿಯಿಂದ ಬಂದ ಒಸಿಐ ಕಾರ್ಡು ಓಡಾಟಕ್ಕೆ, ವಾಸಕ್ಕೆ ಅನುಕೂಲ ಅಷ್ಟೆ, ಅದು ಪೌರತ್ವವಲ್ಲ. ಆದಾಯ ತೆರಿಗೆಯವರು ಪಾಸ್‌ಪೋರ್ಟ್ ಕೇಳುವುದಿಲ್ಲ, ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದಿರಿ ಎಂದು ಎಣಿಸುತ್ತಾರೆ. 182 ದಿನ ಅಲ್ಲಿನ ಮುಖ್ಯ ಗೆರೆ. ವಿದೇಶಿ ವಿನಿಮಯ ಕಾನೂನು, ಜನ ಫೆಮಾ ಎನ್ನುವುದು, ದಿನದ ಜತೆ ಉದ್ದೇಶವನ್ನೂ ನೋಡುತ್ತದೆ. ನೌಕರಿಗೆಂದು ವಿಮಾನ ಹತ್ತಿದವನು ಅಂದಿನಿಂದಲೇ ಅನಿವಾಸಿ. ಊರಿನಲ್ಲಿ ‘ಎನ್‌ಆರ್‌ಐ’ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದ ಈ ಮೂರೂ ಕಲಸಿಹೋಗಿವೆ. ತಪ್ಪುಗಳು ಹುಟ್ಟುವುದು ಈ ಕಲಬೆರಕೆಯಲ್ಲೇ.

ಎಲ್ಲಕ್ಕಿಂತ ದೊಡ್ಡ ತಪ್ಪು ಜಮೀನಿನದು. ಪಕ್ಕದ ತೋಟದವರು ಎರಡು ಎಕರೆ ಕೊಡುತ್ತಾರೆ, ಬೇಲಿಗೆ ಹೊಂದಿಕೊಂಡೇ ಇದೆ, ನೀರೂ ಇದೆ. ಕೈಯಲ್ಲಿ ಡಾಲರೂ ಇದೆ. ಆದರೆ ಅನಿವಾಸಿ ಭಾರತೀಯನಾಗಲಿ ಒಸಿಐ ಕಾರ್ಡುದಾರನಾಗಲಿ ಕೃಷಿ ಭೂಮಿ, ಪ್ಲಾಂಟೇಷನ್, ತೋಟದ ಮನೆ ಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ಫ್ಲಾಟ್ ಕೊಂಡರೂ ಕೇಳುವವರಿಲ್ಲ. ಹಾನುಬಾಳಿನಲ್ಲಿ ಹತ್ತು ಗುಂಟೆ ಕಾಫಿ ತೋಟ ಕೊಳ್ಳಲಾಗದು. ಕರ್ನಾಟಕ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಲು ಬಾಗಿಲು ತೆರೆಯಿತು. ಹಲವರು ಅದು ತಮಗೂ ಅನ್ವಯಿಸುತ್ತದೆ ಎಂದುಕೊಂಡಿದ್ದಾರೆ. ಇಲ್ಲ, ಅದು ರಾಜ್ಯದ ಕಾಯ್ದೆ, ಅನಿವಾಸಿಯನ್ನು ತಡೆಯುವುದು ಕೇಂದ್ರದ ಫೆಮಾ ನಿಯಮ. ಎಲಿಯಟ್‌ನಂಥ ಪರದೇಶಿಗೆ ಒಂದು ಕಾಲದಲ್ಲಿ ಕಾಡಿಗೆ ಕಾಡೇ ಸಿಕ್ಕಿದ ನೆಲದಲ್ಲಿ, ಅದೇ ನೆಲದಲ್ಲಿ ಹುಟ್ಟಿದವನಿಗೆ ಬೇಲಿಯಾಚೆಯ ಎರಡು ಎಕರೆ ದಕ್ಕುವುದಿಲ್ಲ. ಇತಿಹಾಸಕ್ಕೂ ಕುಚೇಷ್ಟೆ ಗೊತ್ತು.

ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಅಡ್ಡಿಯಿಲ್ಲ. ಪಾಸ್‌ಪೋರ್ಟ್ ಯಾವ ಬಣ್ಣದ್ದಾದರೂ ಅಪ್ಪನ ನಂತರ ತೋಟ ಮಗನಿಗೆ, ಮಗಳಿಗೆ ಬರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬದುಕಿರುವಾಗಲೇ ಹಂಚಿಬಿಡೋಣ ಎಂದು ಅಪ್ಪ ಹೊರದೇಶದ ಮಗನ ಹೆಸರಿಗೆ ತೋಟದ ದಾನಪತ್ರ ಮಾಡಿದರೆ ಅದು ನಿಯಮಕ್ಕೆ ವಿರುದ್ಧ. ಕೃಷಿ ಜಮೀನನ್ನು ಅನಿವಾಸಿ ದಾನವಾಗಿಯೂ ಪಡೆಯುವಂತಿಲ್ಲ. ಅದೇ ಅಪ್ಪ ಅದೇ ಮಗನ ಹೆಸರಿಗೆ ಉಯಿಲು ಬರೆದಿಟ್ಟರೆ ಸರಿಯಾಗುತ್ತದೆ. ಸದುದ್ದೇಶದ ದಾನಪತ್ರಕ್ಕಿಂತ, ಬರೆಯಲು ಹಿಂಜರಿಯುವ ಉಯಿಲೇ ಇಲ್ಲಿ ಗಟ್ಟಿ. ಆದರೆ ಮಲೆನಾಡಿನ ಹಿರಿಯರ ಮುಂದೆ ಉಯಿಲಿನ ಮಾತೆತ್ತುವುದು ಅಪಶಕುನವೆಂಬಂತೆ. ಆ ಮಾತು ‘ಆಮೇಲೆ ನೋಡೋಣ’ದಲ್ಲೇ ನಿಲ್ಲುತ್ತದೆ. ಆಮೇಲೆ ಬರುವುದು ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ, ನಾಡಕಚೇರಿಯ ಸಾಲು. ಆಗ ಮಗನಿಗೆ ಸಿಕ್ಕಿರುವುದು ಎರಡು ವಾರದ ರಜೆ. ಎಚ್‌-1ಬಿ ವೀಸಾದವನಾದರೆ ವಾಪಸು ಹೋಗಲು ಪಾಸ್‌ಪೋರ್ಟಿಗೆ ಸ್ಟ್ಯಾಂಪಿಂಗ್ ಬೇಕೋ ಏನೋ ಎಂಬ ದಿಗಿಲು ಬೇರೆ. ಅಮೆರಿಕದ ಗ್ರೀನ್‌ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸಾಲು ದಶಕ ದಾಟಿದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್‌-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದಾಗ ಎಷ್ಟೋ ಜನ ಊರಿಗೆ ತೆಗೆದಿದ್ದ ಟಿಕೆಟ್ಟನ್ನೇ ರದ್ದು ಮಾಡಿದರು.

ಬರಲಾಗದವನು ಜಿಪಿಎ ಕಳಿಸುತ್ತಾನೆ. ಅಣ್ಣನಿಗೋ ಭಾವನಿಗೋ ಅಧಿಕಾರ ಕೊಡುವ ಈ ಪತ್ರವನ್ನು ಬಿಳಿ ಹಾಳೆಯಲ್ಲಿ ಬರೆದು ಸ್ಕ್ಯಾನ್ ಮಾಡಿ ಕಳಿಸಿದರೆ ನೋಂದಣಿ ಕಚೇರಿಯಲ್ಲಿ ನಡೆಯದು. 1908ರ ನೋಂದಣಿ ಕಾಯ್ದೆಯ 33ನೇ ಕಲಂ ಪ್ರಕಾರ ಭಾರತೀಯ ಕಾನ್ಸುಲ್, ನೋಟರಿ ಅಥವಾ ನ್ಯಾಯಾಧೀಶರ ಮುಂದೆ ಸಹಿಯಾಗಿ ಅವರ ದೃಢೀಕರಣ ಬೇಕು. ಮೂಲ ಪ್ರತಿ ಕೊರಿಯರಿನಲ್ಲಿ ಬರಬೇಕು. ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ಮುಖ್ಯವಾಗಿ ಎಡವುವುದು ಈ ಮೂರು ತಿಂಗಳಲ್ಲಿ: ಪತ್ರ ಬೀರುವಿನಲ್ಲಿ ಭದ್ರವಾಗಿರುತ್ತದೆ, ಕೊಯ್ಲು ಮುಗಿಯಲಿ ಎಂದು. ಇನ್ನೊಂದು ಮಾತು: ಜಿಪಿಎ ಮೂಲಕ ‘ಮಾರಾಟ’ ಮಾಡಿಸಿಕೊಂಡರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಅನಿವಾಸಿ ಮಗ ತನ್ನ ಪಾಲಿನ ತೋಟವನ್ನು ಮಾರುವುದಾದರೆ, ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು. ಅಮೆರಿಕದಲ್ಲಿರುವ ತಮ್ಮನಿಗೆ ದುಬೈನಲ್ಲಿರುವ ಅಣ್ಣ ಕ್ರಯ ಮಾಡಿಕೊಡಲಾಗದು.

ತೋಟದ ದುಡ್ಡಿಗೂ ದಾರಿ ಬೇರೆ. ಅನಿವಾಸಿಯಾದ ಮೇಲೆ ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ, ಎನ್‌ಆರ್‌ಒ ಎಂದು ಬದಲಾಯಿಸಿಕೊಳ್ಳಬೇಕು. ಕಾಫಿ ಮಾರಿದ ಹಣ ಅಲ್ಲಿಗೆ ಬೀಳುತ್ತದೆ. ತೆರಿಗೆಯ ಪತ್ರಗಳು ಸರಿಯಿದ್ದರೆ ಅಲ್ಲಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಲೂಬಹುದು. ಹಸಿ ಕಾಫಿ, ಪಾರ್ಚ್‌ಮೆಂಟ್, ಚೆರ್ರಿ ಹಾಗೆಯೇ ಮಾರಿದರೆ ಭಾರತದಲ್ಲಿ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ಅಮೆರಿಕದಲ್ಲೂ ಹೇಳಬೇಕಾಗಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ, ಅಮೆರಿಕ ತನ್ನ ಪ್ರಜೆ ಮತ್ತು ಗ್ರೀನ್‌ಕಾರ್ಡುದಾರನ ಜಗತ್ತಿನಾದ್ಯಂತದ ಆದಾಯಕ್ಕೂ ತೆರಿಗೆ ಕೇಳುತ್ತದೆ. ಅದರ ಪಾಲಿಗೆ ಹಾನುಬಾಳಿನ ಕಾಫಿಯೂ ಆದಾಯ. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ಕಳೆದುಕೊಳ್ಳೋಣ ಎಂದರೆ, ಇಲ್ಲಿ ಕಟ್ಟಿಯೇ ಇಲ್ಲವಲ್ಲ.

ಜತೆಗೆ, ವರ್ಷದ ಯಾವುದೇ ದಿನ ಹೊರದೇಶದ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವರದಿ ಸಲ್ಲಿಸಬೇಕು. ಒಂದು ಲೋಡು ಕಾಫಿಯ ದುಡ್ಡು ಖಾತೆಗೆ ಬಂದರೆ ಆ ಗೆರೆ ದಾಟುವುದು ಏನೂ ದೊಡ್ಡದಲ್ಲ. ಗೊತ್ತಾಗುವುದಿಲ್ಲ ಬಿಡಿ ಎನ್ನುವ ಕಾಲವೂ ಹೋಯಿತು: 2015ರ ಜುಲೈನಲ್ಲಿ ಭಾರತ-ಅಮೆರಿಕ ಒಪ್ಪಂದವಾದ ಮೇಲೆ ಅಮೆರಿಕನ್ನರ ಖಾತೆಯ ವಿವರ ಇಲ್ಲಿನ ಬ್ಯಾಂಕುಗಳಿಂದ ಅಲ್ಲಿಗೆ ಹೋಗುತ್ತದೆ.

ದುಬೈನವರಿಗೆ ಈ ತಾಪತ್ರಯವಿಲ್ಲ. ಅಲ್ಲಿ ಸಂಬಳಕ್ಕೇ ಆದಾಯ ತೆರಿಗೆ ಇಲ್ಲ. ಅವರ ತಾಪತ್ರಯ ಬೇರೆ ಬಗೆಯದು. ಸಕಲೇಶಪುರ ಪೇಟೆಯ ಬ್ಯಾರಿ ಮನೆಗಳಿಂದ, ಘಟ್ಟದ ಕೆಳಗೆ ನಂಟಸ್ತನವಿರುವ ಇತರ ಮನೆಗಳಿಂದ ಗಲ್ಫ್‌ಗೆ ಹೋದವರಲ್ಲಿ ಅಂಗಡಿ, ಡ್ರೈವಿಂಗ್, ಎಲೆಕ್ಟ್ರಿಕ್ ಕೆಲಸದವರು ಅನೇಕ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಸೇರುತ್ತದೆ; ನೌಕರಿಗೆಂದು ಗಲ್ಫ್ ಮುಂತಾದ ದೇಶಗಳಿಗೆ ಹೋಗುವ ಮೊದಲು ಇಂಥವರು 1983ರ ವಲಸೆ ಕಾಯ್ದೆಯಡಿ ಅನುಮತಿ ಪಡೆಯಬೇಕು. ಇದನ್ನು ಅಡ್ಡಗಾಲು ಎಂದು ಬಗೆದು ವಿಸಿಟ್ ವೀಸಾದಲ್ಲಿ ಹಾರಿಹೋಗುವವರಿದ್ದಾರೆ. ಆ ಅನುಮತಿಯ ಜತೆಗೇ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ, ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ, ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ವಿಮೆ ಇದೆ. ವಿಸಿಟ್ ವೀಸಾದಲ್ಲಿ ಹೋದವನ ಮನೆಯವರಿಗೆ ಅದು ಸಿಗುವುದಿಲ್ಲ. ಅಮೆರಿಕದ ಮಗನ ಬಗ್ಗೆ ಊರು ಮಾತಾಡುವಷ್ಟು ಇವರ ಬಗ್ಗೆ ಮಾತಾಡುವುದಿಲ್ಲ, ಆದರೆ ಮನೆಗೆ ತಿಂಗಳು ತಿಂಗಳು ತಪ್ಪದೆ ಹಣ ಕಳಿಸುವವರು ಹೆಚ್ಚಾಗಿ ಇವರೇ.

ಸಣ್ಣ ಕಾಟ ಎಲ್ಲರಿಗೂ ಸಮಾನ. ಬ್ಯಾಂಕು, ಪಹಣಿ, ಕರೆಂಟ್ ಬಿಲ್ಲು, ಯಾವುದಕ್ಕೆ ಕೈ ಹಾಕಿದರೂ ಒಟಿಪಿ. ಅದು ಬರುವ ಹಳೆಯ ಸಿಮ್ಮು ಅಮ್ಮನ ಫೋನಿನ ಎರಡನೇ ಜಾಗದಲ್ಲಿ ಕೂತಿರುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕು. ಕನ್ನಡಕ ಹುಡುಕಿಕೊಂಡು ಒಂದೊಂದೇ ಅಂಕೆ ಓದಿ ಹೇಳುವ ಅಮ್ಮ. ಕೊನೆಯ ಅಂಕೆಗೆ ಬರುವಷ್ಟರಲ್ಲಿ ಹೆತ್ತೂರಿನ ಸಿಗ್ನಲ್ ಹೋಗಿರುತ್ತದೆ. 2023ರಿಂದ ಕೆಲವು ದೇಶಗಳ ಫೋನ್ ನಂಬರಿನಲ್ಲೇ ಯುಪಿಐ ಬಳಸಲು ಅವಕಾಶವಾಗಿದ್ದು ಅಷ್ಟರಮಟ್ಟಿಗೆ ಉಪಕಾರ. ಭಾರತೀಯ ಪಾಸ್‌ಪೋರ್ಟಿನವರು ಊರಿಗೆ ಬಂದ ಕೂಡಲೇ ಆಧಾರ್ ಮಾಡಿಸಬಹುದು. ಒಸಿಐನವರು ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲೇ ಇದ್ದಿರಬೇಕು. ಪಹಣಿಗೆ ಆಧಾರ್ ಜೋಡಿಸಿ ಎಂದು ರಾಜ್ಯ ಸರ್ಕಾರ 2024ರಲ್ಲಿ ಅಭಿಯಾನ ನಡೆಸಿದಾಗ, ಎರಡು ವಾರಕ್ಕೆ ಬಂದು ಹೋಗುವ ಒಸಿಐ ಮಾಲೀಕರು ಜೋಡಿಸುವುದೇನನ್ನು? ಮತದ ಹಕ್ಕು ಒಸಿಐನವರಿಗಿಲ್ಲ. ಅನಿವಾಸಿ ಪ್ರಜೆಗಳು ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು, ಮತ ಹಾಕಲು ಮಾತ್ರ ಖುದ್ದಾಗಿ ಊರಿನ ಮತಗಟ್ಟೆಗೇ ಬರಬೇಕು.

ಇಷ್ಟೆಲ್ಲದರ ನಡುವೆ ತೋಟದಲ್ಲಿ ಹಣ್ಣು ಕೊಯ್ಯುವವರು ಯಾರು? ಕೂಲಿಯವರ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳು ಹೆಚ್ಚುತ್ತಿವೆ. ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿ, ಭಾಷೆ ಬಾರದ ಊರಿಗೆ ಬಂದು, ಕೂಲಿಯಲ್ಲಿ ಉಳಿಸಿದ್ದನ್ನು ಮನೆಗೆ ಕಳಿಸುವ ಇವರೂ ವಲಸೆಗಾರರೇ. ತೋಟದ ಮಾಲೀಕ ಪರದೇಶದಲ್ಲಿ, ಆಳು ಪರರಾಜ್ಯದವನು, ನಡುವೆ ಸ್ಥಳೀಯ ಎಂದರೆ ರೈಟರ್ ಒಬ್ಬ. ಕಾಡಾನೆ ತೋಟಕ್ಕೆ ಇಳಿದ ರಾತ್ರಿ ಮೇಸ್ತ್ರಿ ಹಿಂದಿಯಲ್ಲಿ ಕೂಗಿ ಲೈನಿನವರನ್ನು ಎಚ್ಚರಿಸಬೇಕು. ಹತ್ತು ವರ್ಷ ಹಿಂದೆ ಮಲೆನಾಡಿನಲ್ಲಿ ಈ ಮಾತು ಹೇಳಿದ್ದರೆ ನಗುತ್ತಿದ್ದರು.

ಮರಳಿ ಬರುವವರೂ ಇದ್ದಾರೆ. ಕೊರೊನಾ ಕಾಲದಲ್ಲಿ ತೋಟದ ಮನೆಯಿಂದಲೇ ಕೆಲಸ ಮಾಡಿದ ಕೆಲವರಿಗೆ ಆ ರುಚಿ ಹತ್ತಿತು. ಅನೇಕ ವರ್ಷ ಹೊರಗಿದ್ದು ಬಂದವರಿಗೆ ಮೊದಲ ಎರಡು-ಮೂರು ವರ್ಷ ಆರ್‌ಎನ್‌ಒಆರ್ ಎಂಬ ಮಧ್ಯದ ಸ್ಥಿತಿ ಸಿಗುತ್ತದೆ, ಹೊರದೇಶದ ಆದಾಯದ ಮೇಲೆ ಆಗ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಎನ್‌ಆರ್‌ಐ ಖಾತೆಗಳನ್ನು ಮತ್ತೆ ನಿವಾಸಿ ಖಾತೆ ಮಾಡಿಸಬೇಕು. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡು ನೆಲೆಸಲೆಂದು ಬಂದವರು ಇನ್ನು ತೋಟವನ್ನೂ ಕೊಳ್ಳಬಹುದು. ಹೀಗಾಗಿ ಒಂದೇ ಮನೆಯಲ್ಲಿ ಮರಳಿ ಬಂದ ಅಕ್ಕ ಪಕ್ಕದ ಜಮೀನು ಕೊಳ್ಳಲು ಅರ್ಹಳು, ಅಮೆರಿಕದ ಪ್ರಜೆಯಾದ ತಮ್ಮ ಅಪ್ಪನಿಂದ ಬಂದ ಪಾಲಿಗಷ್ಟೇ ಹಕ್ಕುದಾರ. ಇಬ್ಬರ ಪಾಲನ್ನು ಬೇರೆ ಮಾಡಲು ಪೋಡಿಗೆ ಅರ್ಜಿ ಹಾಕಿದರೆ ಸರ್ವೆಯವರು ಅಳತೆಗೆ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಳತೆ ನಡೆಯದು. ತಮ್ಮ ಡಿಸೆಂಬರಿನಲ್ಲಿ ಬಂದರೆ ಕೊಯ್ಲು, ಬೇಲಿ ಸವರಿ ಕಲ್ಲು ತೋರಿಸಲು ಒಬ್ಬ ಆಳೂ ಸಿಗುವುದಿಲ್ಲ. ಈ ಕೆಲಸಕ್ಕೆ ಟಿಕೆಟ್ ತೆಗೆಯುವುದಾದರೆ ಏಪ್ರಿಲ್ಲಿಗೇ ತೆಗೆಯಬೇಕು; ಶಾಲೆಗೆ ಹೋಗುವ ಮಕ್ಕಳನ್ನು ಅಲ್ಲೇ ಬಿಟ್ಟು, ಒಬ್ಬನೇ.